ಪಟಾಕಿ ಅಂಗಡಿಯಾಗ ಲಕ್ಷ್ಮಿ ಪೂಜಾ ಹೆಂಗ್ ಮಾಡೂದ್ರೀ

ಹೋದ ವರ್ಷ ದೀಪಾವಳಿಗೆ ಹಾವೇರಿಯಾಗ ಮೈದಾನದಾಗ ಪಟಾಕಿ ಅಂಗಡಿ ಹಾಕಿದ್ದೆ, ಮೊದ್ಲನೇ ಸಲ. 2023ರಾಗ ಆಲದಕಟ್ಟಿ ಪಟಾಕಿ ಗೋಡೌನ್‌ನಾಗ ವೆಲ್ಡಿಂಗ್ ಕಿಡಿಯಿಂದ ಬೆಂಕಿ ಹತ್ತಿ ಕೆಲ್ಸದ ಹುಡುಗ್ರು ಸತ್ತಿದ್ದು ನಮ್ಮೂರ ಮಂದಿ ಇನ್ನೂ ಮರ್ತಿಲ್ಲ, ಹಂಗಾಗಿ ಮನ್ಯಾಗ ಯಾರಿಗೂ ಮನಸ್ಸಿರ್ಲಿಲ್ಲ.

ದೊಡ್ಡ ಗೋಡೌನ್ ಲೈಸೆನ್ಸ್ ಕೊಡೋರು ಪೆಸೋದವ್ರು, ಅಂದ್ರ ಸ್ಫೋಟಕ ಸಾಮಾನಿನ ಸುರಕ್ಷತಾ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ, ಹೆಡ್ ಆಫೀಸ್ ನಾಗಪುರದಾಗ ಐತಿ. ನಮ್ಮಂಥಾ ಹಬ್ಬದ ಅಂಗಡಿಗೆ ಡಿಸಿ ಆಫೀಸೇ ಸಾಕು. ಓಡಾಟ ಏನ್ ಬಿಡ್ರಿ, ಇದ್ದದ್ದೇ. ಆದ್ರ 2008ರ ಎಕ್ಸ್‌ಪ್ಲೋಸಿವ್ಸ್ ರೂಲ್ಸ್‌ನಾಗ 84ನೇ ರೂಲ್ ಒಂದ್ ಸಲ ಓದ್ಕೊಂಡ್ ಹೋಗ್ರಿ, ನಾ ಓದ್ದೇ ಹೋಗಿ ಎರಡ್ ಸಾವ್ರ ಕಳ್ಕೊಂಡೆ. ಶಾಮಿಯಾನದಾವ್ನಿಗೆ ಅಡ್ವಾನ್ಸ್ ಕೊಟ್ಟಿದ್ದೆ, ಬಟ್ಟೆ ನಡ್ಯಂಗಿಲ್ಲ, ಬೆಂಕಿ ಹತ್ತದ ಸಾಮಾನಿನ ಶೆಡ್ಡೇ ಬೇಕು ಅಂದ್ರು, ತಗಡು ತರ್ಸಿದೆ.

ಶೆಡ್ಡಿಗೂ ಶೆಡ್ಡಿಗೂ 3 ಮೀಟರ್ ಬಿಡಬೇಕು, ಎದುರುಬದುರು ಬಾಗ್ಲ ಇರಬಾರ್ದು, ಒಂದೇ ಕಡೆ 50 ಅಂಗಡಿಗಿಂತ ಹೆಚ್ಚು ಹಾಕಂಗಿಲ್ಲ. ಫೈರ್ ಆಫೀಸ್ನವ್ರು ಟೇಪ್ ಹಿಡ್ದು ಅಳ್ದಾಗ ನಮ್ದು ಬರೋಬ್ಬರಿ ಇತ್ತು, ಅವ್ರು ಹೋದ ತಾಸಿಗೆ ಬಾಜೂ ಅಂಗಡಿ ಅಣ್ಣ ಆ ಸಂದ್ಯಾಗ ಖಾಲಿ ರಟ್ಟಿನ ಡಬ್ಬಿ ಒಟ್ಟಿ ಇಟ್ಟಿದ್ದ! "ಅಣ್ಣಾ, ಖಾಲಿ ಡಬ್ಬೀನೇ ಮೊದ್ಲು ಹತ್ಕೋತಾವು" ಅಂತ ಹೇಳಿ ಇಬ್ರೂ ಸೇರಿ ತಗ್ದ್ವಿ. ಲೈಟಿಂದೂ ಹಂಗ, ವೈರಿಗೆ ಜೋತುಬಿಟ್ಟ ಬಲ್ಬ್ ನಡ್ಯಂಗಿಲ್ಲ, ಗ್ವಾಡಿಗೋ ಮ್ಯಾಲಿನ ತಗಡಿಗೋ ಗಟ್ಟಿ ಕೂಡ್ಸಬೇಕು, ಪ್ರತಿ ಸಾಲಿಗೊಂದು ಮಾಸ್ಟರ್ ಸ್ವಿಚ್. ಗಿರಾಕಿಗೋಳು "ಒಂದ್ ಹಚ್ಚಿ ತೋರ್ಸ್ರಿ" ಅಂತ ಗಂಟು ಬೀಳ್ತಾರ, 50 ಮೀಟರ್ ಒಳಗ ಸುರ್‌ಸುರ್ ಬತ್ತಿನೂ ಹಚ್ಚಂಗಿಲ್ಲ.

ಖರೇ ತಲಿನೋವು ಅಮಾಸಿ ದಿನ. ಅಂಗಡಿ ಅಂದ್ಮ್ಯಾಲೆ ಲಕ್ಷ್ಮಿ ಪೂಜಾ ಬಿಡಾಕಾಗ್ತದ? ರೂಲ್‌ನಾಗ ಎಣ್ಣಿ ದೀಪ, ಗ್ಯಾಸ್ ಲೈಟ್, ಬಯಲು ಬೆಂಕಿ ಯಾವ್ದೂ ಶೆಡ್ಡಿನಾಗಾಗ್ಲಿ ಅದರ ಹತ್ರಾಗ್ಲಿ ಇರಬಾರ್ದು ಅಂತೈತಿ. ಅವ್ವ ಸಿಟ್ಟಾದ್ಲು, "ದೀಪ ಇಲ್ಲದ ದೀಪಾವಳಿ ಎಂಥಾದೋ". ಕಡೀಗೆ ಮನ್ಯಾಗ ಜಗಲಿ ಮುಂದ ಖಾತೆ ಬುಕ್ಕು, ಲೈಸೆನ್ಸ್ ಝೆರಾಕ್ಸ್ ಇಟ್ಟು ಆರತಿ ಮಾಡಿದ್ಲು. ಸಂಜಿ ಮುಂದ ಮೈದಾನಕ್ಕ ಬಂದಾಕಿ ಉದಿನಕಡ್ಡಿ ಏನೂ ತರ್ಲಿಲ್ಲ, ಬರೇ ಚೆಂಡು ಹೂವು, ಕುಂಕುಮ. ಗಲ್ಲಾಪೆಟ್ಟಿಗೆ ಹಚ್ಚಿ, ಹಂಗ ಬಾಗ್ಲ ಕಡೆ ಹೋಗಿ ಉಸುಕಿನ ಬಕೀಟಿಗೂ ಮೂರು ಬಟ್ಟು ಎಳ್ದು ಒಂದು ಹೂವು ಸಿಗಿಸಿದ್ಲು.