ಫೈಲ್ ಕಳಿಸದೆ ಫೈಲಿನ ಬಗ್ಗೆ ಪ್ರಶ್ನೆ ಕೇಳುವುದು

ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ ಫೈಲ್) ಓದುವ ಪೈಥಾನ್ ಕೋಡ್ ಕೈಕೊಟ್ಟಾಗ ಆನ್‌ಲೈನ್ ವೇದಿಕೆಯಲ್ಲಿ ಬರೀ ಕೋಡ್ ಹಾಕಿ ಕೇಳಿದರೆ ಉತ್ತರ ಸಿಗುವುದಿಲ್ಲ. ಫೈಲ್ ನಮ್ಮ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಡ್ರೈವ್ ಲಿಂಕ್ ಕೊಟ್ಟರೆ ಅದು ಅನುಮತಿ ಕೇಳುತ್ತದೆ. ಎಕ್ಸೆಲ್‌ನ ಸ್ಕ್ರೀನ್‌ಶಾಟ್ ಕೊಟ್ಟರೆ ಉತ್ತರಿಸುವವರು ಅಂಕಿಗಳನ್ನೆಲ್ಲ ಮತ್ತೆ ಟೈಪ್ ಮಾಡಬೇಕು. ಹಾಗಾಗಿ ನಾನು ನಾಲ್ಕಾರು ಸಾಲುಗಳನ್ನು ಕೋಡಿನೊಳಗೇ ಮೂರು ಕೋಟ್‌ಗಳ ನಡುವೆ ಅಂಟಿಸಿ, ಪಠ್ಯವನ್ನು ಫೈಲಿನಂತೆ ಓದಿಸುವ ಸ್ಟ್ರಿಂಗ್‌ಐಒ ಮೂಲಕ, ಪೈಥಾನ್‌ನ ದತ್ತಾಂಶ ಲೈಬ್ರರಿ ಪಾಂಡಾಸ್‌ನ ರೀಡ್_ಸಿಎಸ್‌ವಿಗೆ ಕೊಡುತ್ತೇನೆ. ಆರ್ ಭಾಷೆ ಬಳಸುವವರಿಗೆ ಇದೇ ಕೆಲಸಕ್ಕೆ ಡಿಪುಟ್ ಇದೆ.

ಯಾವ ಸಾಲುಗಳನ್ನು ಆರಿಸಬೇಕು ಎನ್ನುವುದೇ ನಿಜವಾದ ಕೆಲಸ. ಪಾಂಡಾಸ್‌ನ ಹೆಡ್ ಕೊಡುವ ಮೊದಲ ಐದು ಸಾಲುಗಳಲ್ಲಿ ತೊಂದರೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಡಿಕೆ ಧಾರಣೆಯ ಫೈಲೊಂದರಲ್ಲಿ ದಿನಾಂಕ 03/04/2023ರಿಂದ ಶುರುವಾಗುತ್ತದೆ ಎನ್ನಿ. ಪಾಂಡಾಸ್ 2.0ರಿಂದೀಚೆಗೆ ಪಠ್ಯವನ್ನು ದಿನಾಂಕವಾಗಿಸುವ ಟು_ಡೇಟ್‌ಟೈಮ್ ಮೊದಲ ದಿನಾಂಕವನ್ನು ನೋಡಿ ಇಡೀ ಕಾಲಮ್ಮಿನ ರೂಪ ಊಹಿಸುತ್ತದೆ. ಇದನ್ನು ಮಾರ್ಚ್ 4 ಎಂದುಕೊಂಡು, 13/04/2023 ಬಂದಾಗ ವ್ಯಾಲ್ಯೂಎರರ್ ಕೊಟ್ಟು ನಿಲ್ಲುತ್ತದೆ. ಹಳೆಯ ಆವೃತ್ತಿಗಳು ನಿಲ್ಲದೆ ಒಂದನ್ನು ಮಾರ್ಚ್, ಇನ್ನೊಂದನ್ನು ಏಪ್ರಿಲ್ ಮಾಡಿಬಿಡುತ್ತಿದ್ದವು. ತಪ್ಪು ಸರಾಸರಿ ಹೊರಬಂದರೂ ಗೊತ್ತಾಗುತ್ತಿರಲಿಲ್ಲ. ಪರಿಹಾರ, ದಿನವೇ ಮೊದಲು ಎಂದು ತಿಳಿಸುವ ಡೇಫಸ್ಟ್=ಟ್ರೂ. ಆದರೆ ಆವೃತ್ತಿ ಹೇಳದಿದ್ದರೆ ಈ ಎರಡರಲ್ಲಿ ನಮ್ಮದು ಯಾವುದೆಂದು ಓದುವವರಿಗೆ ತಿಳಿಯುವ ದಾರಿಯೇ ಇಲ್ಲ.

ದೋಷದ ಸಾಲು ಹುಡುಕಲು ಹೆಡರ್ (ಕಾಲಮ್ಮುಗಳ ಹೆಸರಿರುವ ಸಾಲು) ಉಳಿಸಿಕೊಂಡು ಫೈಲನ್ನು ಅರ್ಧರ್ಧ ಮಾಡುತ್ತಾ ಹೋಗಿ. 20,000 ಸಾಲಿದ್ದರೂ 15 ಸಲದೊಳಗೆ ಒಂದಕ್ಕೆ ಇಳಿಯುತ್ತದೆ. ಎರಡೂ ಅರ್ಧಗಳು ಸರಿಯಾಗಿ ಓಡಿದರೆ ಕೈಬಿಡಬೇಡಿ, ಅದೇ ಸುಳಿವು: ಮೇಲಿನ ದಿನಾಂಕದ ಹಾಗೆ ಎರಡು ಸಾಲು ಒಟ್ಟಿಗೆ ಇದ್ದಾಗ ಮಾತ್ರ ಕೆಡುತ್ತಿದೆ. ಆಗ ಮೊದಲ ಸಾಲನ್ನು ಪ್ರತಿ ತುಂಡಿಗೂ ಸೇರಿಸಿ ನೋಡಿ.

ಕೆಲವು ದೋಷಗಳು ಕಾಪಿ ಮಾಡುವಾಗಲೇ ಉದುರಿಹೋಗುತ್ತವೆ. ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಎಂದು ಉಳಿಸಿದ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಮೂರು ಬೈಟ್‌ಗಳಿರುತ್ತವೆ: ಇಎಫ್, ಬಿಬಿ, ಬಿಎಫ್. ಯುಟಿಎಫ್-8 ಎಂದು ತೆರೆದು ಸಾಲುಗಳನ್ನು ಕಾಲಮ್ಮಿನ ಹೆಸರಿನಿಂದ ಓದುವ ಡಿಕ್ಟ್‌ರೀಡರ್‌ಗೆ ಕೊಟ್ಟರೆ ಅವು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಂಡು, ಆ ಹೆಸರೇ ಇಲ್ಲ ಎನ್ನುವ ಕೀಎರರ್ ಬರುತ್ತದೆ. ಪ್ರಶ್ನೆಗೆ ಅಂಟಿಸಿದ ಪಠ್ಯದಲ್ಲಿ ಅವು ಇರುವುದಿಲ್ಲ, ಆದ್ದರಿಂದ 'ನನಗೆ ಸರಿಯಾಗಿಯೇ ಓಡುತ್ತಿದೆಯಲ್ಲ' ಎಂಬ ಉತ್ತರ ಬರುತ್ತದೆ. ಇಂಥ ಅನುಮಾನ ಇದ್ದಾಗ ಫೈಲನ್ನು 'ಆರ್‌ಬಿ' (ಬೈಟ್‌ಗಳನ್ನು ಇದ್ದಂತೆಯೇ ಓದುವ) ಮೋಡಿನಲ್ಲಿ ತೆರೆದು ಮೊದಲ 40 ಬೈಟ್ ಪ್ರಿಂಟ್ ಮಾಡಿ ಅದನ್ನೇ ಹಾಕುತ್ತೇನೆ. ಬಿಒಎಂ ತೊಂದರೆಗೆ ಪರಿಹಾರವಾಗಿ, ತೆರೆಯುವಾಗ ಎನ್‌ಕೋಡಿಂಗನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಸಾಕು. ಕನ್ನಡದ ಹೆಸರುಗಳು ಕಣ್ಣಿಗೆ ಒಂದೇ ಇದ್ದೂ ಹೊಂದದಿದ್ದರೆ ಅಲ್ಲಿಯೂ ಬೈಟ್ ನೋಡಿ. ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಎಂಬ ಚಿಹ್ನೆ ಒಂದು ಕಡೆ ಸೇರಿರುವುದು ತೀರಾ ಸಾಮಾನ್ಯ.

ಜನರ ಹೆಸರು, ಫೋನ್, ಆಧಾರ್ ಸಂಖ್ಯೆಗಳನ್ನು ಬದಲಿಸಲೇಬೇಕು. ಆದರೆ ಉದ್ದ, ಮುಂದಿನ ಸೊನ್ನೆ, ಕೋಟ್, ಅಲ್ಪವಿರಾಮ ಹಾಗೇ ಇರಲಿ. "1,25,000" ಎಂಬುದನ್ನು 125000 ಎಂದು ಚೊಕ್ಕ ಮಾಡಿದರೆ ಕೇಳಬೇಕಾದ ತೊಂದರೆಯೇ ಅಳಿಸಿಹೋಗುತ್ತದೆ.

ಕೊನೆಗೆ ಪ್ರಶ್ನೆಯಲ್ಲಿರುವ ಕೋಡನ್ನೇ ಖಾಲಿ ನೋಟ್‌ಬುಕ್ಕಿಗೆ ಅಂಟಿಸಿ ಓಡಿಸಿ. ಅದೇ ದೋಷ ಬಂದರೆ ಟ್ರೇಸ್‌ಬ್ಯಾಕನ್ನು (ದೋಷ ಎಲ್ಲಿ ಬಂತೆಂದು ಪೈಥಾನ್ ತೋರಿಸುವ ಸಂದೇಶ) ಪೂರ್ತಿಯಾಗಿ ಪಠ್ಯವಾಗಿ ಸೇರಿಸಿ, ಬರಬೇಕಿದ್ದ ಫಲಿತಾಂಶದ ಎರಡು ಸಾಲನ್ನು ಕೈಯಾರೆ ಬರೆದು ಕಳಿಸಿ.