ಪಾಲಾದ ಅಣ್ಣ-ತಮ್ಮಂದಿರನ್ನು ನಾನು ಮತ್ತೆ ಕೂಡಿಸಿದ್ದು

"ಏನ್ರೀ ಸರ, ನಾವು ಪಾಲಾಗಿ ಮೂರ್ ವರ್ಷ ಆತು. ಊರ ಹಿರ್ಯಾರ ಕೈಲೇ ಕೂಡ್ಸಾಕ ಆಗ್ಲಿಲ್ಲ. ನೀವು ಕಂಪ್ಯೂಟರ್‌ನ್ಯಾಗ ಕೂಡ್ಸಿಬಿಟ್ಟೀರಲ್ರಿ!"

ರಾಣೆಬೆನ್ನೂರು ಕಡೆಯ ಡೀಲರ್ ಒಬ್ಬರು ಫೋನಿನಲ್ಲಿ ಹೀಗೆ ಅಂದಾಗ ನನಗೆ ತಲೆಬುಡ ಗೊತ್ತಾಗಲಿಲ್ಲ. ನಗುತ್ತಿದ್ದಾರೋ ಬೈಯುತ್ತಿದ್ದಾರೋ ಅದೂ ತಿಳಿಯಲಿಲ್ಲ. ಆಮೇಲೆ ಅವರಿಗೆ ಹೋಗಿದ್ದ ಮೇಲ್ ತೆಗೆದು ನೋಡಿದೆ. ಅವರ ಬಾಕಿ ಪಟ್ಟಿಯಲ್ಲಿ ಅವರ ಅಣ್ಣನ ಬಿಲ್ಲುಗಳೂ ಸೇರಿಕೊಂಡಿದ್ದವು. ಅಣ್ಣನಿಗೆ ನಾವು ಎಷ್ಟು ಡಿಸ್ಕೌಂಟ್ ಕೊಡುತ್ತೇವೆ ಅನ್ನೋದೂ ಸಾಲುಸಾಲಾಗಿ ಇತ್ತು. ಹೊಟ್ಟೆಯಲ್ಲಿ ತಣ್ಣಗಾಯಿತು. ಯಾಕೆಂದರೆ 9 ದಿನ ಹಿಂದೆ ಆ ಎರಡು ರೆಕಾರ್ಡುಗಳನ್ನು ಮರ್ಜ್ ಮಾಡಿದ್ದು, ಅಂದರೆ ಒಂದಾಗಿ ಕೂಡಿಸಿದ್ದು, ನಾನೇ.

ನಾನು ಪೀಣ್ಯದ ಒಂದು ಪಂಪ್ ಕಂಪನಿಯಲ್ಲಿ ಸೇಲ್ಸ್ ಡೇಟಾ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ, ಉಳಿದದ್ದೆಲ್ಲ ಗಿರಾಕಿಗಳ ಮಾಹಿತಿ ಇಡುವ ಸೇಲ್ಸ್‌ಫೋರ್ಸ್‌ನಲ್ಲಿ. ಸುಮಾರು 6,000 ಡೀಲರ್ ರೆಕಾರ್ಡುಗಳಿದ್ದವು. ನಿಜವಾಗಿ ಅಷ್ಟು ಡೀಲರ್‌ಗಳು ನಮಗಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಸೇಲ್ಸ್ ಹುಡುಗರು ಹುಡುಕುವ ಗೋಜಿಗೇ ಹೋಗದೆ ಹೊಸದು ಮಾಡಿಬಿಡುತ್ತಿದ್ದರು. ಒಂದು ರೆಕಾರ್ಡಿನಲ್ಲಿ ಹುಬ್ಳಿ, ಇನ್ನೊಂದರಲ್ಲಿ ಹುಬ್ಬಳ್ಳಿ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಅದರ ಬಿಸಿ ನಮ್ಮ ಡೇಟಾಕ್ಕೆ ಇನ್ನೂ ಆರಿಲ್ಲ. ಲಕ್ಷ್ಮಿ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಮೈಸೂರು ಕಡೆಯವರು ಒಂದು ಥರ ಬರೆದರೆ ಬೆಳಗಾವಿ ಕಡೆಯವರು ನಡುವೆ ಎಕ್ಸ್ ಹಾಕುತ್ತಾರೆ.

ಒಂದೇ ಡೀಲರ್‌ನ ನಕಲು ರೆಕಾರ್ಡುಗಳನ್ನು ಹುಡುಕಿ ಒಂದು ಮಾಡಬೇಕಿತ್ತು. ಹುಡುಕುವ ಕೆಲಸ ಅಷ್ಟೇನೂ ಕಷ್ಟವಾಗಲಿಲ್ಲ. ಊರಿನ ಹೆಸರು ಬಿಟ್ಟು ಪಿನ್‌ಕೋಡ್ ಹಿಡಿದೆ. ಮೊಬೈಲ್ ನಂಬರಿನ ಶುರುವಿನ ಸೊನ್ನೆ, 91 ಎಲ್ಲ ಕಿತ್ತು ಕೊನೆಯ 10 ಅಂಕಿ ಮಾತ್ರ ಇಟ್ಟುಕೊಂಡೆ. ಎಕ್ಸೆಲ್‌ನಲ್ಲಿ 12 ಅಂಕಿಯ ನಂಬರ್ ಹಾಗೇ ತೆರೆದರೆ ಅದು ದಶಾಂಶ ಚುಕ್ಕೆ, ಇ, ಪ್ಲಸ್ 11 ಅಂತ ಏನೇನೋ ತೋರಿಸುತ್ತದೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಂಡರೆ ಆ ರಗಳೆ ಇಲ್ಲ.

ಕಷ್ಟ ಬಂದಿದ್ದು ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವಲ್ಲಿ. ಮರ್ಜ್ ಪರದೆ ಎಲ್ಲಕ್ಕಿಂತ ಮೊದಲು ಕೇಳುವುದೇ ಅದನ್ನು. ಒಂದನ್ನು ಮಾಸ್ಟರ್ ಮಾಡು, ಉಳಿದವು ಅದರೊಳಗೆ ಕರಗುತ್ತವೆ ಅನ್ನುತ್ತದೆ.

ನಮ್ಮ ಮ್ಯಾನೇಜರ್ ಹಳೇದನ್ನೇ ಉಳಿಸು ಅಂದರು, ಡೀಲರ್ ಯಾವಾಗಿನಿಂದ ನಮ್ಮ ಜೊತೆ ಇದ್ದಾನೆ ಅನ್ನುವ ತಾರೀಖು ಕಳೆದುಹೋಗಬಾರದು ಅಂತ. ಆ ಭಯ ಬೇಕಿರಲಿಲ್ಲ. ಸೇಲ್ಸ್‌ಫೋರ್ಸ್‌ನಲ್ಲಿ ಯಾವುದನ್ನೇ ಮಾಸ್ಟರ್ ಮಾಡಿ, ಎಲ್ಲಕ್ಕಿಂತ ಹಳೇ ರೆಕಾರ್ಡಿನ ಹುಟ್ಟಿದ ತಾರೀಖೇ ಉಳಿಯುತ್ತದೆ.

ಹಾಗಾದರೆ ಇತ್ತೀಚೆಗೆ ತಿದ್ದಿದ್ದನ್ನು ಉಳಿಸೋಣ ಅಂದುಕೊಂಡೆ. ಕೊನೆಯ ತಿದ್ದುಪಡಿಯ ತಾರೀಖು ಹಾಕಿ ವಿಂಗಡಿಸಿದರೆ ನೂರಾರು ರೆಕಾರ್ಡುಗಳಿಗೆ ಒಂದೇ ದಿನ! ಆ ದಿನ ಒಬ್ಬ ಸೇಲ್ಸ್‌ಮನ್ ಕೆಲಸ ಬಿಟ್ಟಿದ್ದ. ಅವನ ಡೀಲರ್‌ಗಳನ್ನೆಲ್ಲ ಇನ್ನೊಬ್ಬನ ಹೆಸರಿಗೆ ಒಂದೇ ಏಟಿಗೆ ವರ್ಗಾಯಿಸಿದ್ದು ನಾನೇ. ರೆಕಾರ್ಡ್ ಮುಟ್ಟಿದ ತಾರೀಖಿಗೂ ಗಿರಾಕಿ ಜೊತೆ ವ್ಯವಹಾರ ನಡೆದ ತಾರೀಖಿಗೂ ಸಂಬಂಧವೇ ಇರಲಿಲ್ಲ.

ಆಮೇಲೆ ಹಿಡಿದದ್ದು ಜಾಸ್ತಿ ತುಂಬಿರುವ ರೆಕಾರ್ಡ್ ಗೆಲ್ಲಲಿ ಅನ್ನುವ ಸೂತ್ರ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಎಷ್ಟು ಖಾನೆ ತುಂಬಿವೆ ಅಂತ ಎಣಿಸಿ ಅಂಕ ಕೊಟ್ಟೆ. ಎಲ್ಲಾ ಖಾನೆ ಕಡ್ಡಾಯ ಮಾಡಿದ ಮೇಲೆ ಹುಡುಗರು ಏನು ತುಂಬುತ್ತಾರೆ ಅನ್ನೋದು ನಿಮಗೂ ಗೊತ್ತಿರಬಹುದು. ಮೊಬೈಲ್ ಖಾನೆಯಲ್ಲಿ ಸಾಲಾಗಿ 10 ಒಂಬತ್ತುಗಳು. ವಿಳಾಸದಲ್ಲಿ ಒಂದು ಚುಕ್ಕೆ. ಅಂಥದ್ದಕ್ಕೆ ಪೂರ್ತಿ ಅಂಕ ಬಿದ್ದಿತ್ತು. ಸರಿ, ಕಸವನ್ನೆಲ್ಲ ಖಾಲಿ ಅಂತಲೇ ಲೆಕ್ಕ ಹಿಡಿದು ಮತ್ತೆ ಎಣಿಸಿದೆ. ಇಷ್ಟು ಸಾಕು ಅನ್ನಿಸಿತು.

ಅಣ್ಣ-ತಮ್ಮಂದಿರು ಸಿಕ್ಕಿಬಿದ್ದಿದ್ದು ಆ ಸುತ್ತಿನಲ್ಲೇ. ಅಂಗಡಿ ಹೆಸರು ಒಂದೇ, ರಸ್ತೆ ಒಂದೇ, ಪಿನ್‌ಕೋಡ್ ಒಂದೇ. ಲ್ಯಾಂಡ್‌ಲೈನ್ ನಂಬರೂ ಅದೇ, ಯಾಕಂದ್ರೆ ನಮ್ಮ ಹುಡುಗ ಹಳೇ ರೆಕಾರ್ಡಿನಿಂದ ಕಾಪಿ ಮಾಡಿದ್ದ. ಒಂದರಲ್ಲಿ ಜಿಎಸ್‌ಟಿ ನಂಬರ್ ಇತ್ತು, ಇನ್ನೊಂದರಲ್ಲಿ ಖಾಲಿ. ಖಾಲಿ ಇರುವುದು ಅರ್ಧಂಬರ್ಧ ನಕಲು ಅಂದುಕೊಂಡೆ. ಅದರ ಟ್ಯಾಲಿ ಹೆಸರಿನ ಕೊನೆಗೆ 'ನ್ಯೂ' ಅಂತ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ಟ್ಯಾಲಿ ಒಂದೇ ಹೆಸರಿನ ಎರಡು ಲೆಡ್ಜರ್, ಅಂದರೆ ಖಾತೆ, ಮಾಡಲು ಬಿಡುವುದಿಲ್ಲ. ಹಾಗಾಗಿ ಹೆಸರಿನ ಹಿಂದೆ ಒಂದು ಚುಕ್ಕೆಯೋ 'ನ್ಯೂ'ನೋ ಸೇರಿಸಿ ದಾಟಿಸುವುದು ನಮ್ಮ ಅಕೌಂಟ್ಸ್‌ನವರ ಹಳೇ ಚಾಳಿ. ಇದೂ ಅದೇ ಅಂತ ಮರ್ಜ್ ಒತ್ತಿದೆ. ಈ ಸಲ ಮಾತ್ರ ಅದು ನಿಜವಾಗಿಯೂ ಹೊಸ ಅಂಗಡಿ. ಒಂದೇ ಕಟ್ಟಡ, ಎರಡು ಶಟರ್, ನಡುವೆ ಗೋಡೆ.

ಬಿಡಿಸುವ ಕತೆ ಕೇಳಿ. ಮರ್ಜ್‌ಗೆ ಅನ್‌ಡು ಇಲ್ಲ. ಕರಗಿದ ರೆಕಾರ್ಡ್ ರೀಸೈಕಲ್ ಬಿನ್‌ನಲ್ಲಿ 15 ದಿನ ಇರುತ್ತದೆ. ಅಲ್ಲಿಂದ ತಮ್ಮನ ರೆಕಾರ್ಡನ್ನು ವಾಪಸ್ ತಂದೆ. ಬಂತು, ಆದರೆ ಬರೀ ಕೈಯಲ್ಲಿ ಬಂತು. ಆರ್ಡರ್, ಬಿಲ್, ಕಾಂಟ್ಯಾಕ್ಟ್, ದೂರು ಎಲ್ಲವೂ ಅಣ್ಣನ ಹತ್ತಿರವೇ ಉಳಿದಿದ್ದವು. ಪುಣ್ಯಕ್ಕೆ ಮರ್ಜ್‌ಗೆ ಮೊದಲು ಎಲ್ಲವನ್ನೂ ಸಿಎಸ್‌ವಿಗೆ ಇಳಿಸಿಟ್ಟಿದ್ದೆ. ಯಾವ ಬಿಲ್ ಯಾರದ್ದು ಅಂತ ಅದರಲ್ಲಿ ನೋಡಿ ಒಂದೊಂದಾಗಿ ತಮ್ಮನ ಕಡೆ ಹಾಕಿದೆ. ಅಲ್ಲೂ ಒಂದು ಗುಂಡಿ ಇತ್ತು. ಪ್ರತಿ ರೆಕಾರ್ಡಿಗೂ ಸೇಲ್ಸ್‌ಫೋರ್ಸ್ ಕೊಡುವ ಗುರುತು ಐಡಿ. ರಿಪೋರ್ಟಿನಿಂದ ಬಂದ ಐಡಿ 15 ಅಕ್ಷರದ್ದು. ಅದರಲ್ಲಿ ದೊಡ್ಡ ಎ, ಚಿಕ್ಕ ಎ ಬೇರೆ ಬೇರೆ. ಎಕ್ಸೆಲ್‌ನ ಹೊಂದಿಸಿ ಹುಡುಕುವ ಸೂತ್ರ ವಿಲುಕಪ್‌ಗೆ ಎರಡೂ ಒಂದೇ. ಎರಡು ಸಾಲು ಇನ್ಯಾರದೋ ಡೀಲರ್‌ಗೆ ಹೋಗಿ ಕೂತವು. ದೊಡ್ಡದು-ಚಿಕ್ಕದು ನೋಡದಿದ್ದರೂ ಬೇರೆಯಾಗೇ ಉಳಿಯುವ 18 ಅಕ್ಷರದ ಐಡಿ ತೆಗೆದು ಮತ್ತೆ ಮೊದಲಿಂದ ಶುರು ಮಾಡಿದೆ. ಮನೆಗೆ ಹೋದಾಗ ಊಟ ಆರಿ ತಣ್ಣಗಾಗಿತ್ತು.

ಆ ರಾತ್ರಿ ತಲೆಗೆ ಹೊಳೆದಿದ್ದು ಇದು. ಯಾವುದನ್ನು ಉಳಿಸಬೇಕು ಅನ್ನುವುದು ಒಂದೇ ಪ್ರಶ್ನೆಯಲ್ಲ. ಯಾವ ಐಡಿ ಬದುಕಬೇಕು ಅನ್ನೋದು ಬೇರೆ, ಪ್ರತಿ ಖಾನೆಯಲ್ಲಿ ಯಾವ ಮಾಹಿತಿ ಬದುಕಬೇಕು ಅನ್ನೋದು ಬೇರೆ. ಇವೆರಡಕ್ಕೂ ಮುಂಚೆ, ಇವರು ನಿಜಕ್ಕೂ ಒಬ್ಬರೇನಾ ಅಂತ ಸೇಲ್ಸ್‌ಫೋರ್ಸ್ ಬಿಟ್ಟು ಹೊರಗೆ ನೋಡಬೇಕು.

ಈಗ ಮೊದಲು ನೋಡುವುದು ಕೊನೆಯ ಬಿಲ್ಲನ್ನು. ಅದರ ಮೇಲಿನ ಜಿಎಸ್‌ಟಿ ನಂಬರ್ ಸುಳ್ಳು ಹೇಳುವುದು ಕಡಿಮೆ. 15 ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು, ನಮ್ಮದು 29. ಆಮೇಲಿನ ಹತ್ತು ಪ್ಯಾನ್. ಪ್ಯಾನ್ ಬೇರೆ ಇದ್ದರೆ ಬೋರ್ಡ್ ಒಂದೇ ಇದ್ದರೂ ಮುಟ್ಟುವುದಿಲ್ಲ. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಒಂದರಲ್ಲಿ ಪಿ ಇದ್ದು ಇನ್ನೊಂದರಲ್ಲಿ ಎಫ್ ಇದ್ದರೆ, ಒಂದು ಒಬ್ಬ ವ್ಯಕ್ತಿಯ ಹೆಸರಿನದು, ಇನ್ನೊಂದು ಪಾಲುದಾರಿಕೆ ಸಂಸ್ಥೆಯದು. ಅಪ್ಪನ ಅಂಗಡಿಗೆ ಮಕ್ಕಳನ್ನು ಸೇರಿಸಿಕೊಂಡಾಗ ಹೀಗಾಗುತ್ತದೆ. ಪ್ಯಾನ್ ಒಂದೇ ಇದ್ದು ಮೊದಲೆರಡು ಅಂಕಿ ಬೇರೆ ಇದ್ದರೆ, ಉದಾಹರಣೆಗೆ 29 ಮತ್ತು ಗೋವಾದ 30, ಅದು ಬ್ರಾಂಚ್. ಮರ್ಜ್ ಮಾಡದೆ ಒಂದರ ಕೆಳಗೆ ಇನ್ನೊಂದನ್ನು ಕಟ್ಟುತ್ತೇನೆ.

ಐಡಿ ವಿಷಯದಲ್ಲಿ ನನ್ನ ನಿಯಮ ಸುಲಭ. ಚಾಲ್ತಿಯಲ್ಲಿರುವ ಟ್ಯಾಲಿ ಲೆಡ್ಜರಿಗೆ ಯಾವ ರೆಕಾರ್ಡ್ ಅಂಟಿಕೊಂಡಿದೆಯೋ ಅದೇ ಮಾಸ್ಟರ್, ಅದು ಎಷ್ಟೇ ಬಡಕಲಾಗಿದ್ದರೂ. ಬೇರೆ ಖಾನೆಯನ್ನು ಪರದೆಯ ಮೇಲೇ ಆರಿಸಿ ತುಂಬಬಹುದು. ಐಡಿಯನ್ನು ತುಂಬೋಕೆ ಆಗುವುದಿಲ್ಲ. ಡಿಸ್ಪ್ಯಾಚ್‌ನವರ ಶೀಟು, ಸರ್ವೀಸ್ ಹುಡುಗರು ವಾಟ್ಸಾಪ್‌ನಲ್ಲಿ ಹಂಚಿಕೊಂಡ ಲಿಂಕು ಎಲ್ಲಾ ಅದರ ಮೇಲೆಯೇ ನಿಂತಿವೆ. ಎರಡಕ್ಕೂ ಜೀವಂತ ಲೆಡ್ಜರ್ ಇದ್ದರೆ ಅಕೌಂಟ್ಸ್‌ನವರು ಒಂದನ್ನು ಮುಚ್ಚುವ ತನಕ ಕೈ ಹಾಕುವುದಿಲ್ಲ. ಅವರು ತಿಂಗಳ ಕೊನೆ ಅಂತಾರೆ. ಕಾಯುತ್ತೇನೆ.

ಖಾನೆಗಳದ್ದು ಒಂದೊಂದಕ್ಕೆ ಒಂದೊಂದು ನ್ಯಾಯ. ಮೊಬೈಲ್ ನಂಬರ್ ಎರಡೂ ಇರಲಿ. ಕ್ರೆಡಿಟ್ ಲಿಮಿಟ್ ನಾನು ಆರಿಸುವುದೇ ಇಲ್ಲ, ಕೇಳುತ್ತೇನೆ. ಮೆಸೇಜ್ ಕಳಿಸಬೇಡಿ ಅಂತ ಒಂದು ರೆಕಾರ್ಡಿನಲ್ಲಿ ಇದ್ದರೂ ಸಾಕು, ಕೂಡಿದ ಮೇಲೂ ಬೇಡವೇ. ಇನ್ನು ಷರಾ ಖಾನೆ. ಸೋತ ರೆಕಾರ್ಡಿನಲ್ಲೇ ಒಳ್ಳೇ ಮಾಲು ಇರೋದು. "ಮಧ್ಯಾಹ್ನ 2ರಿಂದ 4 ಅಂಗಡಿ ಬಂದ್, ಲಾರಿ ಕಳಿಸಬೇಡಿ" ಅಂತ ಯಾರೋ ಪುಣ್ಯಾತ್ಮ ಬರೆದಿಟ್ಟಿರುತ್ತಾನೆ. ಷರಾಗಳಲ್ಲಿ ಒಂದನ್ನು ಆರಿಸದೆ, ಒಂದರ ಕೆಳಗೆ ಒಂದು ಅಂಟಿಸಿಯೇ ಮರ್ಜ್ ಒತ್ತುತ್ತೇನೆ. ಸೋತದ್ದರ ಹಳೇ ಐಡಿಯನ್ನೂ ಒಂದು ಖಾನೆಯಲ್ಲಿ ಬರೆದಿಡುತ್ತೇನೆ, ನಾಳೆ ಯಾರಾದರೂ ಅದನ್ನೇ ಹುಡುಕಿದರೆ ಸಿಗಲಿ ಅಂತ.

ಒಂದು ಸಲಕ್ಕೆ 3 ರೆಕಾರ್ಡ್ ಮಾತ್ರ ಕೂಡಿಸಬಹುದು. ಒಬ್ಬ ಡೀಲರ್‌ಗೆ 7 ಇದ್ದವು. 7 ಹೋಗಿ 5, 5 ಹೋಗಿ 3, ಆಮೇಲೆ 1. ಮೂರು ಸುತ್ತಿನಲ್ಲೂ ಮಾಸ್ಟರ್ ಅದೇ ಇರಬೇಕು. ಎರಡನೇ ಸುತ್ತಿನಲ್ಲಿ ಟೀ ಕುಡಿಯುತ್ತಾ ಬೇರೆಯದನ್ನು ಒತ್ತಿದರೆ ಅಷ್ಟು ಹೊತ್ತು ಕಾಪಾಡಿದ ಐಡಿ ಹೋಯಿತು. ಅದಕ್ಕೇ ಮಾಸ್ಟರ್ ಹೆಸರಿನ ಮುಂದೆ ಮೊದಲೇ ಒಂದು ನಕ್ಷತ್ರ ಹಾಕಿಕೊಂಡು, ಮುಗಿದ ಮೇಲೆ ಅಳಿಸುತ್ತೇನೆ.

ಅಣ್ಣ-ತಮ್ಮಂದಿರಿಗೆ ನಮ್ಮ ಮ್ಯಾನೇಜರ್ ಬೇರೆ ಬೇರೆಯಾಗಿ ಫೋನ್ ಮಾಡಿ ಕ್ಷಮೆ ಕೇಳಿದರು. ತಮ್ಮನಾದವರು ಅಣ್ಣನ ಡಿಸ್ಕೌಂಟೇ ತನಗೂ ಬೇಕು ಅಂತ ಹಟ ಹಿಡಿದರು, ಕೊಡಬೇಕಾಯಿತು. ಆ ಎರಡೂ ರೆಕಾರ್ಡುಗಳ ಷರಾದಲ್ಲಿ ಮೊದಲ ಸಾಲು ಈಗ ನಾನು ಬರೆದದ್ದು: "ಪಕ್ಕದ ಶಟರ್ ಇವರದ್ದಲ್ಲ. ಕೂಡಿಸಬೇಡಿ."