ಸಾವಿನ ಮನೆಯಲ್ಲಿ ಮೊದಲ ಪ್ರಶ್ನೆ

ಕ್ರೈಂ ಬೀಟಿಗೆ, ಅಂದರೆ ಅಪರಾಧ ಸುದ್ದಿ ಬರೆಯುವ ಕೆಲಸಕ್ಕೆ, ಹೊಸದಾಗಿ ಬಂದವರು ನನ್ನನ್ನು ಕೇಳುವುದು ಒಂದೇ: ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕೂತು ಏನಂತ ಮಾತು ಶುರು ಮಾಡುವುದು? ಏನು ಕೇಳಬಾರದು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ‘ಈಗ ನಿಮಗೆ ಏನನ್ನಿಸುತ್ತಿದೆ?’ ಅನ್ನಬೇಡಿ. ನಾನು ಕೇಳಿದ್ದೇನೆ. ಆ ತಾಯಿ ನನ್ನ ಮುಖವನ್ನೇ ನೋಡಿ, ‘ನಿಮಗೆ ಏನನ್ನಿಸುತ್ತಿದೆ?’ ಅಂದರು. ರೆಕಾರ್ಡರ್ ಓಡುತ್ತಲೇ ಇತ್ತು.

ಈಗ ನಾನು ಮಾಡುವುದು ಹೀಗೆ. ಹೆಸರು, ಪತ್ರಿಕೆ ಹೇಳಿ, ‘ಮಾತಾಡಲೇಬೇಕು ಅಂತೇನಿಲ್ಲ, ಬೇಡ ಅಂದರೆ ಹೊರಡುತ್ತೇನೆ’ ಅನ್ನುತ್ತೇನೆ. ಒಪ್ಪಿದರೆ, ಎಲ್ಲಿ ಕೂರೋಣ ಅಂತ ಅವರನ್ನೇ ಕೇಳುತ್ತೇನೆ. ರೆಕಾರ್ಡರನ್ನು ಅವರ ಹತ್ತಿರವೇ ಇಟ್ಟು, ನಿಲ್ಲಿಸುವ ಬಟನ್ ತೋರಿಸುತ್ತೇನೆ. ನಡೆದುಹೋದದ್ದರಲ್ಲಿ ಅವರ ಕೈಯಲ್ಲಿ ಏನೂ ಇರಲಿಲ್ಲ. ಈ ಮಾತುಕತೆಯಾದರೂ ಅವರ ಕೈಯಲ್ಲಿರಲಿ. ಬಟನ್ ಒತ್ತಿದವರು ಕಡಿಮೆ. ಆದರೆ ಒಬ್ಬರು ಮಾತಾಡಿದಷ್ಟು ಹೊತ್ತೂ ಬೆರಳನ್ನು ಅದರ ಮೇಲೇ ಇಟ್ಟುಕೊಂಡಿದ್ದರು.

ಸಾವಿನ ವಿಷಯ ಆಮೇಲೆ ಬರಲಿ, ಮೊದಲು ಬದುಕಿದ್ದಾಗಿನ ಮಾತು. ‘ಮನೆಯಲ್ಲಿ ಅವನನ್ನು ಏನಂತ ಕರೀತಿದ್ರಿ?’ ಇಷ್ಟು ಕೇಳಿದರೆ ಸಾಕು, ಎಷ್ಟೋ ತಾಯಂದಿರು ಎದ್ದುಹೋಗಿ ಫೋಟೊ ತರುತ್ತಾರೆ. ಯಾವುದನ್ನು ಅಚ್ಚು ಹಾಕಬೇಕು ಅಂತ ಅವರೇ ಆರಿಸಲಿ. ಫೇಸ್‌ಬುಕ್ಕಿನಿಂದ ಎತ್ತಿಕೊಳ್ಳುವ ಚಾಳಿ ಬಿಡಿ. ‘ನಿಮ್ಮ ನೋವು ಅರ್ಥವಾಗುತ್ತೆ’ ಅನ್ನಲೂಬೇಡಿ, ಆಗಲ್ಲ, ಅಲ್ವಾ? ಅವರು ಮಾತು ನಿಲ್ಲಿಸಿದರೆ ನೀವೂ ಸುಮ್ನೆ ಕೂರಿ. (ಈ ಮೆತ್ತನೆಯ ದನಿ ನೊಂದವರಿಗೆ ಮಾತ್ರ. ಮಂತ್ರಿ, ಅಧಿಕಾರಿಗಳ ಮುಂದೆ ತೆಗೆಯಬೇಡಿ.)

ಗಾಬರಿಯಲ್ಲಿ ಕಂಡದ್ದು ಸಾಲಾಗಿ ನೆನಪಿರುವುದಿಲ್ಲ. ಹೊಡೆದವನ ಅಂಗಿಯ ಗುಂಡಿ ನೆನಪಿರುತ್ತದೆ, ಎಷ್ಟು ಗಂಟೆ ಅನ್ನೋದು ಇರಲ್ಲ. ‘ಬೆಳಿಗ್ಗೆ ಹಾಗಂದ್ರಲ್ಲ?’ ಅಂತ ಪಟ್ಟು ಹಿಡಿಯಬೇಡಿ. ಸುಳ್ಳು ಅಂದುಕೊಳ್ಳಲೂಬೇಡಿ. ವೇಳೆ, ಹಿಂದುಮುಂದು ಎಲ್ಲವನ್ನೂ ದಾಖಲೆಗಳ ಜೊತೆ, ಬೇರೆಯವರ ಮಾತಿನ ಜೊತೆ ತಾಳೆ ನೋಡಿ.

ಒಮ್ಮೆ ಒಂದು ಕೊಲೆಯ ಸುದ್ದಿಯಲ್ಲಿ ಎಷ್ಟು ಸಲ ಇರಿದಿದ್ದರು ಅಂತ ಬರೆದೆ. ಲೆಕ್ಕ ಸರಿಯಾಗೇ ಇತ್ತು. ಸತ್ತವನ ತಂಗಿಗೆ ಅದು ಗೊತ್ತಾದದ್ದೇ ನನ್ನ ಕಾಪಿಯಿಂದ. ಫೋನ್ ಮಾಡಿ ‘ಅಷ್ಟು ಸಲನಾ?’ ಅಂತ ಕೇಳಿ ಇಟ್ಟುಬಿಟ್ಟರು. ಆಮೇಲಿಂದ ಡೆಡ್‌ಲೈನ್ ಎಷ್ಟೇ ಕುತ್ತಿಗೆಗೆ ಬಂದಿರಲಿ, ಅಚ್ಚಿಗೆ ಹೋಗುವ ಮುಂಚೆ ಮನೆಯವರಿಗೆ ಕರೆ ಮಾಡುತ್ತೇನೆ. ಕಾಪಿ ತಿದ್ದಲು ಕೊಡುವುದಿಲ್ಲ. ನಾಳೆ ಇಂಥದ್ದು ಬರುತ್ತೆ ಅಂತ ಹೇಳುತ್ತೇನೆ, ಅಷ್ಟೇ. ಹೆಡ್ಡಿಂಗ್ ಏನು ಕೊಟ್ಟಿದ್ದಾರೆ ಅಂತ ಡೆಸ್ಕಿನಲ್ಲೂ ನೋಡಿಕೊಂಡು ಹೋಗುತ್ತೇನೆ.

ಆತ್ಮಹತ್ಯೆಯಾದರೆ ಹೇಗೆ ಮಾಡಿಕೊಂಡರು ಅನ್ನೋದು ಬೇಡವೇ ಬೇಡ. ವಿಯೆನ್ನಾದಲ್ಲಿ ಪತ್ರಿಕೆಗಳು 1987ರಲ್ಲಿ ಇಂಥ ಸುದ್ದಿ ಬರೆಯುವ ರೀತಿ ಬದಲಿಸಿಕೊಂಡವು. ಅಲ್ಲಿನ ಸುರಂಗ ರೈಲಿನಲ್ಲಿ ಆತ್ಮಹತ್ಯೆಗಳು ತುಂಬಾ ಇಳಿದವು.

ಇನ್ನು ನಿಮ್ಮ ಪಾಡು. ಕೆಲಸದ ಭಾಗವಾಗಿ ಪದೇ ಪದೇ ಸಾವು, ಹಿಂಸೆಯ ಫುಟೇಜ್ ನೋಡಿದರೂ ಆಘಾತದ ಕಾಯಿಲೆ ಬರಬಹುದು ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಒಪ್ಪಿದೆ. ಮೊದಲ ಸಲ ನೋಡುವಾಗ ಸೌಂಡ್ ತೆಗೆದುಬಿಡಿ. ನನಗಂತೂ ಕಂಡದ್ದಕ್ಕಿಂತ ಕೇಳಿದ್ದೇ ಜಾಸ್ತಿ ದಿನ ಕಾಡುತ್ತದೆ. ಫೈಲಿನ ಹೆಸರಲ್ಲೇ ‘ರಕ್ತ’, ‘ಮಗು’ ಅಂತ ಬರೆದಿಡಿ. ರಾತ್ರಿ ಪಾಳಿಗೆ ಬಂದವರು ಗೊತ್ತಿಲ್ಲದೆ ತೆರೆಯಬಾರದು.